ನಮ್ಮ ಸ್ಟೋರಿನ ಬೀಗದ ಕೈಗೆ ತಾವು ಕೊಟ್ಟ ಮನ್ನಣೆ

ಮಾನ್ಯ ಅಧ್ಯಕ್ಷರ ಸನ್ನಿಧಿಗೆ,
ಅಖಿಲ ಭಾರತ ನರವೈದ್ಯ ಮಹಾಸಂಘ,
ಕೇಂದ್ರ ಕಚೇರಿ, ದೆಹಲಿ.

ಮಾನ್ಯರೇ,

ಸಕಲೇಶಪುರ ಬಿಟ್ಟು ಬಿಸಿಲೆ ಕಡೆಗೆ ಹೊರಟ ರಸ್ತೆ ತನ್ನ ಮೇಲೆ ತಾನೇ ನಂಬಿಕೆ ಕಳೆದುಕೊಳ್ಳುವ ತಿರುವಿನ ಪಕ್ಕದ ಊರಾದ ಹೊಂಗಡಹಳ್ಳದಿಂದ, ಎಸ್ಸೆಸ್ಸೆಲ್ಸಿಯನ್ನು ಒಂದೇ ಏಟಿಗೆ ಪಾಸು ಮಾಡಿ, ಇಷ್ಟು ಸಾಕೆಂದು ಪುಸ್ತಕಕ್ಕೆ ಕೈಮುಗಿದು ಜೀಪಿನ ಸ್ಟಿಯರಿಂಗ್ ಹಿಡಿದ ಏಕಾಂತಯ್ಯ ಎಂಬ ನಾನು ತಮಗೂ, ತಮ್ಮ ಕಾರ್ಯಕಾರಿ ಸಮಿತಿಗೂ, ತಮ್ಮ ವಾರ್ತಾಪತ್ರದ ಮುಖಪುಟ ಆರಿಸುವ ಮಹನೀಯರಿಗೂ ಬೇರೆ ಬೇರೆಯಾಗಿ ನಮಸ್ಕರಿಸುತ್ತೇನೆ. ಹೆಸರು ಅಜ್ಜನದು, ವಯಸ್ಸು ಮಾತ್ರ ನನ್ನದೇ, ಇನ್ನೂ ಇಪ್ಪತ್ತಮೂರು. ಒಂದು ಕಡೆ ಕೂತು ಏನನ್ನೂ ಮುಗಿಸಿದವನಲ್ಲ ಎಂದು ನಮ್ಮವ್ವ ಬಸಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಈ ಪತ್ರ ಕೊನೆ ಮುಟ್ಟಿದರೆ ಅದರ ಕೀರ್ತಿಯೂ ತಮ್ಮ ಮಹಾಸಂಘಕ್ಕೇ ಸಲ್ಲತಕ್ಕದ್ದು.

ತಮ್ಮ ಮಹಾಸಂಘವು ಪ್ರಾಂತೀಯ ನರವೈದ್ಯ ಸಂಘಗಳಿಗೆ ಯಾವ ಪರಿ ಬೆಂಬಲ ಕೊಡುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿದವರು ಬಹಳ ಜನ ಇರಬಹುದು, ಆದರೆ ಆ ಬೆಂಬಲವನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಘಟ್ಟ ಹತ್ತಿಸಿದವನು ನಾನೊಬ್ಬನೇ. ಕಳೆದ ಮಳೆಗಾಲ ಕಳೆದ ಮೇಲೆ ಮಲೆನಾಡು ನರವೈದ್ಯ ಸಂಘದ ವಾರ್ಷಿಕ ಸಮ್ಮೇಳನ ನಮ್ಮ ಮ್ಯಾಥ್ಯೂ ಸಾಹೇಬರ ಎಸ್ಟೇಟಿನ ರೆಸಾರ್ಟಿನಲ್ಲಿ ನಡೆದಾಗ, ದೆಹಲಿಯಿಂದ ಬಂದ ಬ್ಯಾನರುಗಳು, ಬ್ಯಾಗುಗಳು, ಹಿತ್ತಾಳೆ ದೀಪ, ತಮ್ಮದೇ ಆಳೆತ್ತರದ ಒಂದು ನಗುವ ಚಿತ್ರ, ಮತ್ತು ಮೂಟೆಗಟ್ಟಲೆ ರಬ್ಬರಿನ ಪುಟ್ಟ ಮೆದುಳುಗಳು ನನ್ನ ಜೀಪಿನಲ್ಲೇ ಬಂದವು. ಈ ರಬ್ಬರು ಮೆದುಳನ್ನು ಅಂಗೈಯಲ್ಲಿ ಹಿಡಿದು ಅಮುಕಿದರೆ ಮನಸ್ಸು ಹಗುರಾಗುತ್ತದಂತೆ. ತಮ್ಮ ಚಿತ್ರವನ್ನು ಮಾತ್ರ ಮಲಗಿಸಿ ತರುವುದು ಅಗೌರವವಾದೀತೆಂದು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ್ದೆ. ದಾರಿಯುದ್ದಕ್ಕೂ ಜನ ತಮಗೆ ಕೈಮುಗಿದರು. ತಾವು ನಗುತ್ತಲೇ ಇದ್ದಿರಿ. ಬ್ಯಾನರಿನ ಮೇಲೆ 'ಗುಡ್ಡದ ಕೊನೆಯ ಮನೆಗೂ ನರತಜ್ಞರ ನೆರವು' ಎಂದು ಬರೆದಿತ್ತು. ಮಾನ್ಯರೇ, ಗುಡ್ಡದ ಕೊನೆಯ ಮನೆ ನಮ್ಮದೇ. ಅದಾದ ಮೇಲೆ ಕಾಡು.

ಆ ಮನೆಯಲ್ಲಿ ನನ್ನ ತಂಗಿ ಹೇಮಶ್ರೀ ಇದ್ದಾಳೆ. ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಸಸಿ ಬೆಳೆಸುತ್ತಾಳೆ, ಊರಿನ ಅರ್ಧ ಜನರ ನಡೆಯನ್ನೂ ಪೂರ್ತಿ ಜನರ ದನಿಯನ್ನೂ ಅಣಕಿಸಬಲ್ಲಳು, ಮತ್ತು ಹೈಸ್ಕೂಲಿನಿಂದಲೂ ಅವಳಿಗೆ ಫಿಟ್ಸ್ ಬರುತ್ತದೆ. ಬರುವ ಮುಂಚೆ ಅವಳ ಮೂಗಿಗೆ ಕಾಫಿ ಬೀಜ ಸೀದ ವಾಸನೆ ಬಡಿಯುತ್ತದೆ. ಅವಳು ಸಮುದ್ರದ ನಡುವೆ ಹುಟ್ಟಿದ್ದರೆ ಇದೊಂದು ಒಳ್ಳೆಯ ಮುನ್ಸೂಚನೆಯಾಗುತ್ತಿತ್ತು. ನಮ್ಮಲ್ಲಾದರೋ ಯಾವ ಹೊತ್ತಿಗೂ ಯಾವುದೋ ಒಂದು ಮನೆಯಲ್ಲಿ ಯಾರೋ ಒಬ್ಬರು ಬೀಜ ಹುರಿಯಲು ಇಟ್ಟು, ಬೇಲಿ ಹತ್ತಿರ ಮಾತಿಗೆ ನಿಂತು, ಮರೆತಿರುತ್ತಾರೆ. ಹೀಗಾಗಿ ನನ್ನ ತಂಗಿ ಸುಮ್ಮಸುಮ್ಮನೆ ನೆಲದ ಮೇಲೆ ಕೂತದ್ದೂ ಉಂಟು, ಕೂರಬೇಕಾದಾಗ ಕೂರದೆ ಕಲ್ಲಿನ ಮೇಲೆ ಬಿದ್ದದ್ದೂ ಉಂಟು. ನುಂಗುವ ಮಾತ್ರೆ ಶುರುವಿನಲ್ಲಿ ಕೊಟ್ಟದ್ದೇ, ಇವತ್ತಿಗೂ ಅದೇ. ನಮ್ಮ ಕಡೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಜೆನೆವಿವ್ ಅವರು ಎಷ್ಟೋ ಸಲ ಹೇಳಿದ್ದಾರೆ: "ಈ ಮಾತ್ರೆ ಇವಳಿಗೆ ಹಿಡೀತಿಲ್ಲ ಕಣೋ. ಆದ್ರೆ ಬದಲಾಯಿಸೋಕೆ ನರದ ಡಾಕ್ಟ್ರೊಬ್ರು ಕೂತು ನೋಡಿ ಹೇಳ್ಬೇಕು. ಒಬ್ಬರೇ ಸಾಕು." ಆ ಒಬ್ಬರು ಇರುವುದು ದೊಡ್ಡ ಊರಿನಲ್ಲಿ, ಅವರು ಕೊಟ್ಟಿರುವ ತಾರೀಖು ಬರುವಷ್ಟರಲ್ಲಿ ಹೇಮಶ್ರೀ ಈಗ ಬಿತ್ತಿರುವ ಸಸಿ ಮೊದಲ ಹೂವು ಬಿಟ್ಟಿರುತ್ತದೆ.

ಇಂಥ ಹೊತ್ತಿನಲ್ಲಿ ಒಬ್ಬರು ಬೇಕಾದಲ್ಲಿ ಮೂವತ್ತು ಚಿಲ್ಲರೆ ನರವೈದ್ಯರು ನಮ್ಮ ಮನೆಯಿಂದ ಕೂಗಳತೆಗೆ ಬಂದಿಳಿದರೆ ನನ್ನ ಸ್ಥಿತಿ ಏನಾಗಬೇಡ! ನೆಲದ ಮೇಲೆ ನಿಲ್ಲದ ಕಾಲಿನಲ್ಲಿ ಡಾಕ್ಟರಮ್ಮನ ಹತ್ತಿರ ಓಡಿದೆ. ಊರಿನ ಪರವಾಗಿ ಸಮ್ಮೇಳನದ ಏರ್ಪಾಡು ನೋಡುತ್ತಿದ್ದವರೂ ಅವರೇ. ಅವರು ತಲೆಯಾಡಿಸಿ, "ರೋಗಿಗಳನ್ನ ಒಳಗೆ ಬಿಡೋ ಹಾಗಿಲ್ಲಪ್ಪ. ಇದು ವಿದ್ವತ್ ಸಮ್ಮೇಳನ, ಮಹಾಸಂಘದ ನಿಯಮ ಹಂಗೈತೆ. ರೋಗಿ ಅಂತ ಕರ್ಕಂಡ್ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ" ಎಂದರು. ಆಮೇಲೆ ಕಿಟಕಿಯಿಂದ ಹೊರಗೆ ನೋಡುತ್ತಾ, "ಆದ್ರೆ ಎರಡನೇ ದಿನ ಜನಜಾಗೃತಿ ನಾಟಕ ಒಂದು ಇರಲೇಬೇಕಂತೆ, ಅದೂ ಮಹಾಸಂಘದ ನಿಯಮವೇ. ಅದಕ್ಕೆ ಫಿಟ್ಸ್ ಬಂದೋಳ ಪಾರ್ಟು ಮಾಡೋಕೆ ಒಬ್ಳು ಹುಡುಗಿ ಬೇಕು" ಎಂದರು. ಅವರು ಕಿಟಕಿ ಕಡೆ ನೋಡಿದ್ದು ಮಳೆ ಬರುತ್ತದೋ ಏನೋ ಎಂದು ಮಾತ್ರ. ಈ ವಿಷಯದಲ್ಲಿ ಅವರದು ಕಿಂಚಿತ್ತೂ ಪಾತ್ರವಿಲ್ಲವೆಂದು ನಾನು ತಮ್ಮ ನಗುವ ಚಿತ್ರದ ಆಣೆಯಾಗಿ ಹೇಳುತ್ತೇನೆ. ರೋಗಿಯನ್ನು ಒಳಗೆ ಬಿಡದೆ, ರೋಗಿಯ ಪಾತ್ರಧಾರಿಗೆ ಬಾಗಿಲು ತೆರೆದಿಟ್ಟ ಆ ನಿಯಮವನ್ನು ಬರೆದವರ ಕೈಗೆ ಒಂದು ಚಿನ್ನದ ಕಡಗ ತೊಡಿಸಬೇಕೆಂಬ ಆಸೆ ನನಗೆ ಇಂದಿಗೂ ಇದೆ.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಅರಿಕೆ ಮಾಡಿಕೊಳ್ಳಬೇಕು. ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುತ್ತಾರೆ. ಕೆಲವರು ಕತ್ತಿ, ಕೆಲವರು ಕುಡುಗೋಲು. ನಮ್ಮ ಮನೆತನದ್ದು ಹಳೇ ಕಾಫಿ ಸ್ಟೋರಿನ ಬೀಗದ ಕೈ, ಅಂದರೆ ಮೊಳಕ್ಕೆ ಹತ್ತಿರವಿರುವ, ಬೀಗ ಕಳೆದುಹೋಗಿ ತಾನೊಂದೇ ಉಳಿದ ಕಬ್ಬಿಣದ ತುಂಡು. ಅದು ನಮ್ಮ ಸೋದರಮಾವ ಶಿವಯ್ಯನ ಸೊಂಟದಲ್ಲಿ ಸದಾ ಇರುತ್ತದೆ. ಹೇಮಶ್ರೀಗೆ ಬಂದಾಗಲೆಲ್ಲ ಅವನು ಎಲ್ಲಿದ್ದರೂ ಓಡಿಬಂದು ಬಿಗಿದ ಮುಷ್ಟಿ ಬಿಡಿಸಿ ಅದನ್ನು ಹಿಡಿಸುತ್ತಾನೆ. ಒಂದೆರಡು ನಿಮಿಷಕ್ಕೆ ಫಿಟ್ಸ್ ತಾನಾಗಿ ನಿಲ್ಲುತ್ತದೆ. ಶಿವಯ್ಯ ಬೆವರು ಒರೆಸಿಕೊಂಡು ಸುತ್ತ ನೋಡುತ್ತಾನೆ. ಇದು ಶುದ್ಧ ತಪ್ಪು, ಏನನ್ನೂ ಹಿಡಿಸಬಾರದು ಎಂದು ತೋರಿಸುವುದೇ ತಮ್ಮ ನಾಟಕದ ಉದ್ದೇಶವಾಗಿತ್ತು. ಮೊದಲ ದೃಶ್ಯದಲ್ಲಿ ಒಬ್ಬ ಹಳ್ಳಿಗ ಕಬ್ಬಿಣ ಹಿಡಿಸುವ ತಪ್ಪು ಮಾಡಬೇಕು, ಎರಡನೆಯದರಲ್ಲಿ ಇನ್ನೊಬ್ಬ ಬಂದು ಅವನನ್ನು ತಡೆದು, ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಬಟ್ಟೆ ಸಡಿಲಿಸಿ, ಬಾಯಿಗೂ ಕೈಗೂ ಏನೂ ತುರುಕದೆ ಕಾಯಬೇಕು. ಎರಡನೆಯವನು ನಾನು. ಮೊದಲನೆಯವನ ಪಾತ್ರಕ್ಕೆ ಶಿವಯ್ಯನಿಗಿಂತ ಅನುಭವಿ ನಟ ಹಾಸನ ಜಿಲ್ಲೆಯಲ್ಲೇ ಸಿಕ್ಕುತ್ತಿರಲಿಲ್ಲ. ಕಷ್ಟವೇನೆಂದರೆ, ಅವನದು ತಪ್ಪು ಮಾಡುವ ಪಾತ್ರ ಎಂದು ಎಷ್ಟು ಹೇಳಿದರೂ ಅವನ ತಲೆಗೆ ಹತ್ತಲಿಲ್ಲ. "ಅಲ್ಲಾ ಮಾರಾಯ, ನಾನ್ ಬದುಕಿಸ್ತೀನಿ, ನೀನ್ ಬಂದು ಅಡ್ಡ ಹಾಕ್ತೀಯ. ಡಾಕ್ಟ್ರು ನಿಂಗೇ ಬಯ್ತಾರೆ ನೋಡ್ತಿರು" ಎಂದು ಹೇಳಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಲು ಹೋಗ್ಬುಟ್ಟ.

ಹೇಮಶ್ರೀಗೆ ಬೇರೆಯದೇ ಕಷ್ಟ. ಊರನ್ನೆಲ್ಲ ಅಣಕಿಸುವ ಅವಳು ತನ್ನ ಫಿಟ್ಸನ್ನು ತಾನೇ ಒಂದು ಸಲವೂ ಕಂಡವಳಲ್ಲ. ಹಾಗಾಗಿ ಕಾಫಿ ಒಣಗಿಸುವ ಕಣದಲ್ಲಿ ನಾನು ಅವಳಾಗಿ ಬಿದ್ದು, ಹೊರಳಿ, ಎದ್ದು ತೋರಿಸಬೇಕಾಯಿತು. ಮೊದಲು ಮೂಗು ಅರಳಿಸುವುದು, ಆಮೇಲೆ ಕಣ್ಣು ಎಲ್ಲೋ ನೆಡುವುದು, ತುಟಿ ಚಪ್ಪರಿಸುವುದು, ಬಲಗೈ ಗಿಡದಿಂದ ಹಣ್ಣು ಬಿಡಿಸುವ ಹಾಗೆ ತನ್ನದೇ ತೋಳನ್ನು ಕೀಳುವುದು, ಎಡಗೈ ಸೆಟೆಯುವುದು, ಕೊನೆಗೆ ಇಡೀ ಮೈ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಥೂ, ನಾನು ಇಷ್ಟ್ ಕೆಟ್ಟದಾಗಿ ಕಾಣ್ತೀನೇನೋ? ಏಳೋ, ನಾನೇ ಚೆನ್ನಾಗ್ ಮಾಡ್ತೀನಿ" ಎಂದಳು. ನಕ್ಕು ನಕ್ಕು ಇಬ್ಬರ ಹೊಟ್ಟೆಯೂ ಹಿಡಿದುಕೊಂಡಿತು. ಅವ್ವ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತವಳು ಒಳಗೆ ಹೋದಳು.

ಇನ್ನು ಪ್ರೇಕ್ಷಕರ ವಿಚಾರ. ನಾಟಕದ ಹೊತ್ತಿಗೆ ಸರಿಯಾಗಿ ತಮ್ಮ ವೈದ್ಯರೆಲ್ಲ ಬಿಸಿಲೆಯ ವ್ಯೂ ಪಾಯಿಂಟ್ ನೋಡಲು ಹೊರಡುವುದೆಂದೂ, ನಾಟಕವನ್ನು ಖಾಲಿ ಕುರ್ಚಿಗಳ ಮುಂದೆ ಆಡಿ ಫೋಟೋ ತೆಗೆಸಿ ದೆಹಲಿಗೆ ಕಳಿಸುವುದೆಂದೂ ಏರ್ಪಾಡಾಗಿತ್ತು. ಅಷ್ಟರಲ್ಲಿ ನಮ್ಮ ಗುಡ್ಡದ ಒಂಟಿ ಸಲಗವೊಂದು ರಸ್ತೆಗೆ ಬಂದು ಮೋರಿಯ ಮೇಲೆ ಅಡ್ಡ ನಿಂತಿತು. ಆನೆ ಸರಿಯುವ ತನಕ ಯಾರೂ ಕದಲಬಾರದೆಂದು ಅರಣ್ಯದವರ ಫೋನು ಬಂತು. ಮೂವತ್ತು ಚಿಲ್ಲರೆ ನರವೈದ್ಯರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ರಬ್ಬರು ಮೆದುಳು ಅಮುಕುತ್ತಾ, ಬೇರೆ ದಾರಿಯಿಲ್ಲದೆ ಬಂದು ಕೂತರು. ಪ್ರಾಂತೀಯ ಸಂಘದ ಕಾರ್ಯಕ್ರಮಕ್ಕೆ ಸಭಿಕರನ್ನು ಒದಗಿಸಿದ ಏಕೈಕ ಸಂಸ್ಥೆ ಆ ಆನೆ. ತಾವು ಇದನ್ನು ವಾರ್ಷಿಕ ವರದಿಯಲ್ಲಿ ನಮೂದಿಸಬೇಕೆಂದು ಕೋರುತ್ತೇನೆ.

ನಾಟಕ ಶುರುವಾಯಿತು. ಹೇಮಶ್ರೀ ಮೂಗು ಅರಳಿಸಿದಳು, ಕಣ್ಣು ನೆಟ್ಟಳು, ತುಟಿ ಚಪ್ಪರಿಸಿದಳು, ತೋಳಿನಿಂದ ಹಣ್ಣು ಬಿಡಿಸಿದಳು, ಬಿದ್ದಳು. ಶಿವಯ್ಯ ಇಸ್ತ್ರಿಯ ಅಂಗಿಯಲ್ಲಿ ಓಡಿಬಂದು, ಬೀಗದ ಕೈಯನ್ನು ಆಕಾಶಕ್ಕೆತ್ತಿ ಸಭೆಗೆಲ್ಲ ತೋರಿಸಿ, ಮುಷ್ಟಿ ಬಿಡಿಸಿ ಹಿಡಿಸಿದ ವೈಖರಿಗೆ ಚಪ್ಪಾಳೆ ಬಿತ್ತು. ತಮ್ಮ ಫೋಟೋದವರು ಆ ಗಳಿಗೆಯನ್ನು ಮೂರು ಕಡೆಯಿಂದ ಹಿಡಿದರು. ಆಗಲೇ ಹಿಂದಿನ ಮೇಜಿಗೆ ಬಿಸಿ ಕಡುಬು ಬಂತು. ನಾನು ಪ್ರವೇಶಿಸಿ ಶಿವಯ್ಯನನ್ನು ತಡೆದು ತಂಗಿಯನ್ನು ಪಕ್ಕಕ್ಕೆ ಹೊರಳಿಸಿದ ಸರಿಯಾದ ದೃಶ್ಯವನ್ನು ಹಿಡಿಯಬೇಕಾಗಿದ್ದ ಕ್ಯಾಮೆರಾ ಕಡುಬಿನ ಹಬೆಯಲ್ಲಿ ಮಂಜಾಗಿ ಕೂತಿತ್ತು. ಇದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಾಟಕ ಮುಗಿಯಿತು. ಮುಂದಿನ ಸಾಲಿನ ದಪ್ಪ ಮೀಸೆಯ ಡಾಕ್ಟರೊಬ್ಬರು ಎದ್ದು, "ಹುಡುಗಿ ಚೆನ್ನಾಗಿ ಮಾಡಿದಾಳೆ, ಆದರೆ ಫಿಟ್ಸ್ ಹೀಗಿರಲ್ಲ. ಒಮ್ಮೆಲೇ ಬೀಳಬೇಕು. ಈ ಮೂಗು, ತುಟಿ ಎಲ್ಲ ಓವರ್ ಆ್ಯಕ್ಟಿಂಗು" ಎಂದರು. ಹಿಂದಿನಿಂದ ಕನ್ನಡಕದ ಡಾಕ್ಟರೊಬ್ಬರು ಕಡುಬಿನ ತಟ್ಟೆ ಸಮೇತ ಎದ್ದು, "ಏನ್ರೀ ಹೇಳ್ತಿದೀರ? ಮೆದುಳಿನ ಪಕ್ಕದ ಭಾಗದಿಂದ ಹೊರಡೋ ಫಿಟ್ಸ್ ಹೀಗೇ ಶುರುವಾಗೋದು. ವಾಸನೆ, ಚಪ್ಪರಿಕೆ, ಕೈ ಕೀಳೋದು, ಪಾಠದ ಪುಸ್ತಕ ಇದ್ದಂಗಿದೆ!" ಎಂದು ಗುಡುಗಿದರು. ಯಾವ ಕಡೆಯ ಪಕ್ಕ ಎಂದು ಒಬ್ಬರು ಕೇಳಿದರು. ಎಡಗೈ ಸೆಟೆದದ್ದರಿಂದ ಬಲಗಡೆಯದು ಎಂದು ಇನ್ನೊಬ್ಬರು. ಇಂಥವರಿಗೆ ತಲೆಯ ಸ್ಕ್ಯಾನು ಮಾಡದೆ ಮಾತ್ರೆ ಕೊಡುವವರನ್ನು ಏನು ಮಾಡಬೇಕೆಂದು ಮತ್ತೊಬ್ಬರು. ಎಲ್ಲರಿಗೂ ಕೊಡುವ ಹಳೇ ಮಾತ್ರೆ ಇಂಥದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲವೆಂದು ಮಗದೊಬ್ಬರು. ಅವಳ ಎಡಗೈ ಸೆಟೆಯುವ ಕೋನ ಸರಿಯಿದೆಯೋ ಇಲ್ಲವೋ ಎಂದು ಇಬ್ಬರು ಎದುರುಬದುರು ನಿಂತು ತಾವೇ ಕೈ ಸೆಟೆಸಿ ತೋರಿಸಿಕೊಂಡರು. "ಇನ್ನೊಂದ್ಸಲ ಮಾಡಮ್ಮ" ಎಂದರು. ಅವಳು ಮಾಡಿದಳು. ಮಾನ್ಯರೇ, ರೋಗಿಯಾಗಿ ಬಾಗಿಲು ದಾಟಲಾಗದ ನನ್ನ ತಂಗಿಯನ್ನು, ನಟಿಯಾದ ಒಂದೇ ಕಾರಣಕ್ಕೆ, ಮಲೆನಾಡು ಸಂಘದ ಅಷ್ಟೂ ನರವೈದ್ಯರು ಕುರ್ಚಿಯ ಮೇಲೆ ಹತ್ತಿ ನಿಂತು ನೋಡಿದರು.

ಕೊನೆಗೆ ಕನ್ನಡಕದ ಡಾಕ್ಟರು ಹತ್ತಿರ ಬಂದು, "ಯಾರಮ್ಮ ನಿಂಗೆ ಇದನ್ನೆಲ್ಲ ಹೇಳಿಕೊಟ್ಟಿದ್ದು?" ಎಂದು ಕೇಳಿದರು. ಹೇಮಶ್ರೀ ಸೀರೆಯ ಧೂಳು ಕೊಡವಿಕೊಳ್ಳುತ್ತಾ, "ನಮ್ಮಣ್ಣ ಸಾರ್. ನಂಗೆ ಬಂದಾಗ ನಾನೆಲ್ಲಿ ನೋಡ್ಕಂತೀನಿ, ಅವ್ನೇ ನೋಡಿರೋನು" ಎಂದಳು.

ಸಭೆಯಲ್ಲಿ ರಬ್ಬರು ಮೆದುಳು ಅಮುಕುವ ಸದ್ದೂ ನಿಂತಿತು. ಕನ್ನಡಕದ ಡಾಕ್ಟರು ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು, ಕುರ್ಚಿ ಎಳೆದು, "ಕೂತ್ಕೋಮ್ಮ" ಎಂದರು. ನಾನು ಡಾಕ್ಟರಮ್ಮನ ಕಡೆ ನೋಡಿದೆ. ಅವರು ಮತ್ತೆ ಕಿಟಕಿ ಕಡೆ ನೋಡುತ್ತಿದ್ದರು, ಈ ಸಲ ಕಣ್ಣು ಒದ್ದೆಯಾಗಿತ್ತು. ಅಷ್ಟರಲ್ಲಿ ಮ್ಯಾಥ್ಯೂ ಸಾಹೇಬರ ಫೋನು ಹೊಡೆದುಕೊಂಡಿತು. ಆನೆ ತೋಟಕ್ಕೆ ಇಳಿಯಿತಂತೆ, ರಸ್ತೆ ತೆರವಾಯಿತಂತೆ. ದೆಹಲಿಯಿಂದ ಬಂದಿದ್ದ ತಮ್ಮ ವೀಕ್ಷಕರು ಮೈಕು ಹಿಡಿದು, ಸಮಯಪಾಲನೆಯೇ ಮಹಾಸಂಘದ ಉಸಿರೆಂದು ಹೇಳಿ, ಎಲ್ಲರೂ ತಕ್ಷಣ ವಾಹನ ಹತ್ತಬೇಕೆಂದು ಅಪ್ಪಣೆ ಕೊಡಿಸಿದರು. "ಬಂದು ನೋಡ್ತೀನಮ್ಮ, ಇಲ್ಲೇ ಇರು" ಎಂದು ಕನ್ನಡಕದವರು ಎದ್ದರು. ಅವರನ್ನು ಜೀಪಿಗೆ ಹತ್ತಿಸಿಕೊಂಡು ಬಿಸಿಲೆಗೆ ಕರೆದೊಯ್ದವನು ಬೇರೆ ಯಾರೂ ಅಲ್ಲ, ನಾನೇ. ನನ್ನ ಜೀಪು ಆ ರಸ್ತೆಯಲ್ಲಿ ಅಷ್ಟು ಸಲೀಸಾಗಿ ಓಡಿದ್ದು ಅದೇ ಮೊದಲು. ವ್ಯೂ ಪಾಯಿಂಟಿನಲ್ಲಿ ಅವರ ಲಗೇಜು ತುಂಬಿಕೊಂಡು ಬೆಳಿಗ್ಗೆಯೇ ಹೊರಟಿದ್ದ ಬಸ್ಸುಗಳು ಕಾಯುತ್ತಿದ್ದವು. ಹಾಗೇ ಘಟ್ಟ ಇಳಿದು ಸುಬ್ರಹ್ಮಣ್ಯದ ದರ್ಶನ ಮುಗಿಸಿ ಮುಂದೆ ಹೋಗುವುದು ಮೊದಲೇ ನಿಗದಿಯಾಗಿತ್ತಂತೆ. ಕನ್ನಡಕದವರಿಗೂ ಅಲ್ಲಿಗೆ ಹೋದ ಮೇಲೆಯೇ ಗೊತ್ತಾಯಿತು. ಬಸ್ಸಿನ ಕಿಟಕಿಯಿಂದ ಏನೋ ಕೂಗಿದರು, ಹಾರ್ನಿನಲ್ಲಿ ಕೇಳಿಸಲಿಲ್ಲ. ಹೇಮಶ್ರೀ ಕತ್ತಲಾಗುವ ತನಕ ಆ ಕುರ್ಚಿಯಲ್ಲೇ ಕೂತಿದ್ದಳು. ಅವಳಿಗೆ ಉತ್ತಮ ನಟಿ ಎಂದು ತಮ್ಮ ಲಾಂಛನವಿರುವ ಹಿತ್ತಾಳೆ ಫಲಕವನ್ನೂ, ಒಂದು ರಬ್ಬರು ಮೆದುಳನ್ನೂ ಕೊಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಕೃತಜ್ಞತೆ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಎರಡು ತಿಂಗಳ ನಂತರ ತಮ್ಮ ವಾರ್ತಾಪತ್ರ ಬಂತು. ಮುಖಪುಟದ ತುಂಬ ನಮ್ಮ ಶಿವಯ್ಯ! ಬೀಗದ ಕೈಯನ್ನು ಹೇಮಶ್ರೀಯ ಮುಷ್ಟಿಗೆ ಇಡುತ್ತಿದ್ದಾನೆ. ಹಿಂದೆ ನರವೈದ್ಯರ ಸಾಲು ಚಪ್ಪಾಳೆ ತಟ್ಟುತ್ತಿದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಮಹಾಸಂಘದ ಬೆಂಬಲದಿಂದ ಮಲೆನಾಡಿನ ಹಳ್ಳಿಗರಿಗೆ ಫಿಟ್ಸಿನ ಸರಿಯಾದ ಪ್ರಥಮ ಚಿಕಿತ್ಸೆ' ಎಂದಿದೆ. ಮ್ಯಾಥ್ಯೂ ಸಾಹೇಬರು ಅದನ್ನು ಓದಿ ಹೇಳಿದ ದಿನ ಶಿವಯ್ಯ ನೆಲಕ್ಕೆ ಕಾಲು ತಾಗಿಸದೆ ನಡೆದ. "ನಾನ್ ಹೇಳ್ಲಿಲ್ವೇನೋ? ದೆಹಲಿಯೋರೇ ಒಪ್ಬುಟ್ಟವ್ರೆ. ಇನ್ನೇನ್ ಮಾತಾಡ್ತೀಯೋ?" ಎಂದು ನನ್ನ ಮುಖಕ್ಕೇ ಅಂದ. ಈಗ ಆ ಮುಖಪುಟ ಹಾಲಿನ ಡೈರಿಯ ಗೋಡೆಯಲ್ಲಿದೆ, ಚಹಾದ ಅಂಗಡಿಯಲ್ಲಿದೆ, ಶಿವಯ್ಯನ ಮನೆಯಲ್ಲಂತೂ ದೇವರ ಪಟದ ಪಕ್ಕ ಕಟ್ಟು ಹಾಕಿಸಿಕೊಂಡು ದಿನಾ ಹೂವು ಮುಡಿಯುತ್ತಿದೆ. ನಿಷ್ಠಾವಂತರೊಬ್ಬರು ಅದನ್ನು ಆಲೂರು ತಾಲ್ಲೂಕಿಗೂ ಮೊಬೈಲಿನಲ್ಲಿ ಹಂಚಿದ್ದಾರೆ.

ಅದರ ಫಲ ಮೊನ್ನೆ ಕಂಡಿತು. ಅದೇ ತಾಲ್ಲೂಕಿನ ಕುಂದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಹೇಮಶ್ರೀ ಮೂಗು ಅರಳಿಸಿದಳು. ಪಕ್ಕದ ಹೋಟೆಲಿನಲ್ಲಿ ನಿಜವಾಗಿಯೂ ಏನೋ ಸೀದಿದ್ದರಿಂದ ನಾನು ಅತ್ತ ನೋಡಿದೆ, ಇತ್ತ ಅವಳು ಬಿದ್ದಳು. ಮಾನ್ಯರೇ, ತಮ್ಮ ಜನಜಾಗೃತಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಾವು ಬಂದು ನೋಡಬೇಕಿತ್ತು! ಬೈಕಿನ ಕೀಲಿ, ಟ್ರ್ಯಾಕ್ಟರಿನ ಕೀಲಿ, ಸೊಸೈಟಿ ಬಾಗಿಲಿನ ಗೊಂಚಲು, ಮೆಕ್ಯಾನಿಕ್ಕಿನ ಪಾನಾ, ಎಲ್ಲವೂ ಏಕಕಾಲಕ್ಕೆ ನನ್ನ ತಂಗಿಯ ಒಂದು ಮುಷ್ಟಿಯ ಮೇಲೆ ಬಂದವು. "ಬೇಡ ಕಣ್ರೀ, ಬಿಡ್ರೀ" ಎಂದು ನಾನು ಕೂಗಿದರೆ ಒಬ್ಬಾತ ನನ್ನನ್ನೇ ಪಕ್ಕಕ್ಕೆ ತಳ್ಳಿ, "ನಿಂಗೇನ್ ಗೊತ್ತಯ್ಯಾ? ದೊಡ್ಡ ಡಾಕ್ಟ್ರೇ ಹೇಳಿರೋದು, ಫೋಟೋ ಐತೆ" ಎಂದು ಮೊಬೈಲು ತೋರಿಸಿದ. ಫೋಟೋದಲ್ಲಿರುವವಳೇ ನೆಲದ ಮೇಲಿರುವವಳು ಎಂದರೂ ಕೇಳುವವರಿಲ್ಲ. ಎಲ್ಲ ಮುಗಿದಾಗ ಅವಳ ಹೆಬ್ಬೆರಳು ಉಳುಕಿ ಊದಿತ್ತು. ಸಸಿ ನೆಡುವ ಕೈ ಅದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ನನ್ನ ತಂಗಿಗೆ ಫಿಟ್ಸ್ ಇನ್ನು ಮುಂದೆ ವರ್ಷಕ್ಕೊಮ್ಮೆ, ಸಮ್ಮೇಳನದ ಎರಡನೇ ದಿನ, ಕಡುಬು ಬರುವ ಮುಂಚೆ ಮಾತ್ರ ಬರತಕ್ಕದ್ದೆಂದು ಮಹಾಸಂಘವು ಒಂದು ನಿರ್ಣಯ ಅಂಗೀಕರಿಸಬೇಕು. ಅದು ತಾಂತ್ರಿಕವಾಗಿ ಕಷ್ಟವಾದರೆ ಘಟ್ಟದ ಮೇಲೆ ಕಾಫಿ ಹುರಿಯುವುದನ್ನಾದರೂ ನಿಷೇಧಿಸಬೇಕು. ಸಭಿಕರನ್ನು ಕೂರಿಸಿದ ಸಲಗಕ್ಕೆ ಗೌರವ ಆಜೀವ ಸದಸ್ಯತ್ವ ಕೊಟ್ಟು, ಶಾಲನ್ನು ಅದರ ಅಳತೆಗೆ ಹೊಲಿಸಬೇಕು. ತಿದ್ದುಪಡಿಯನ್ನು ಕೊನೆಯ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವುದಾಗಿ ತಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದ್ದು ಅವರ ದೊಡ್ಡತನ, ಆದರೆ ನಮ್ಮೂರಿನಲ್ಲಿ ಫೋಟೋವನ್ನು ಫೋಟೋ ಮಾತ್ರ ಸೋಲಿಸಬಲ್ಲದು. ಆದ್ದರಿಂದ ಮುಖಪುಟಕ್ಕೆ ಹೊಸದೊಂದು ಫೋಟೋ ಬೇಕು: ಅದೇ ಜಾಗ, ಅದೇ ಶಿವಯ್ಯ, ಅದೇ ಇಸ್ತ್ರಿ ಅಂಗಿ. ಬೀಗದ ಕೈ ಮಾತ್ರ ಗೋಡೆಯ ಮೊಳೆಗೆ ಹೋಗುತ್ತಿರಬೇಕು, ಮತ್ತು ಅದನ್ನು ನೇತುಹಾಕಿಸುತ್ತಿರುವವರು ಒಬ್ಬ ನಿಜವಾದ ನರವೈದ್ಯರಾಗಿರಬೇಕು. ಒಬ್ಬರೇ ಸಾಕು. ಕನ್ನಡಕದವರಾದರೆ ಬಹಳ ಸಂತೋಷ. ಫೋಟೋ ಆದ ಮೇಲೆ ಅವರು ಹೇಗೂ ಒಂದು ಲೋಟ ಕಾಫಿ ಕುಡಿಯುತ್ತಾರೆ; ಹೇಮಶ್ರೀಯೇ ತಂದುಕೊಡುತ್ತಾಳೆ; ಕುರ್ಚಿ ಆಗಲೇ ಎಳೆದಿಟ್ಟಿದೆ. ಡಾಕ್ಟರಮ್ಮ ಕಿಟಕಿ ಹತ್ತಿರ ನಿಂತಿರುತ್ತಾರೆ, ಪೆನ್ನು ಅವರ ಹತ್ತಿರ ಇರುತ್ತದೆ.

ಅಲ್ಲಿಯ ತನಕ ನಾವು ಅನಾಥರೆಂದು ತಾವು ಮರುಗಬೇಕಾಗಿಲ್ಲ. ಕುಂದೂರಿನಿಂದ ಬಂದ ದಿನ ಅವ್ವ ಆ ರಬ್ಬರು ಮೆದುಳನ್ನು ಅಲಮಾರಿಯಿಂದ ತೆಗೆದು, ತೊಳೆದು, ಮಗಳ ಸೆರಗಿಗೆ ಗಂಟು ಹಾಕಿದಳು. "ವಾಸ್ನೆ ಬಂದ್ ತಕ್ಷಣ ಇದ್ನ ಹಿಡ್ಕಂಡ್ ಕೂತ್ಕಂಡ್ಬುಡು ಮಗ. ಕೈ ತುಂಬಿದ್ರೆ ಯಾರೂ ಬೇರೆ ತುರುಕಲ್ಲ" ಎಂದಳು. ಅದಾದ ಮೇಲೆ ಒಂದು ಸಲ ಬಂತು, ನರ್ಸರಿಯಲ್ಲಿ. ಕತ್ತಿ ಹಿಡಿದು ಓಡಿಬಂದ ಹೆಂಗಸರು ಅವಳ ಮುಷ್ಟಿಯೊಳಗೆ ಮೆದುಳನ್ನು ಕಂಡು, ಇದ್ಯಾವುದೋ ಹೊಸ ಚಿಕಿತ್ಸೆ ಎಂದು ಗೌರವದಿಂದ ದೂರ ನಿಂತರು. ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ, ಬಟ್ಟೆ ಸಡಿಲಿಸಿ, ಕಾದೆ. ತಮ್ಮ ಬೆಂಬಲವೆಲ್ಲ ಆ ಹೊತ್ತು ಅವಳ ಬೆರಳುಗಳ ಸಂದಿಯಲ್ಲಿ ಅಮುಕಿಕೊಂಡು, ಮೇಲೆ ಅಚ್ಚಾಗಿರುವ ತಮ್ಮ ಲಾಂಛನದ ಸಮೇತ ಹೊರಗೆ ಇಣುಕುತ್ತಿತ್ತು. ಗುಡ್ಡದ ಕೊನೆಯ ಮನೆಗೆ ತಲುಪಿದ್ದು ಸದ್ಯಕ್ಕೆ ಅಷ್ಟು.

ಒಂದು ಕಡೆ ಕೂತು ಇಷ್ಟು ಬರೆದ,
ತಮ್ಮ ವಿಶ್ವಾಸಿ,
ಸಿ. ಏಕಾಂತಯ್ಯ
ಜೀಪು ಚಾಲಕ, ಹೊಂಗಡಹಳ್ಳ

ಮರೆತ ಮಾತು: ತಮ್ಮ ವೈದ್ಯರು ಬರುವ ದಿನ ಅವರನ್ನು ಘಟ್ಟ ಹತ್ತಿಸುವ ಹೊಣೆ ನನ್ನದು. ಹೇಮಶ್ರೀಯನ್ನು ಪೂರ್ತಿ ನೋಡಿ ಮುಗಿಯುವ ತನಕ ಮೋರಿಯ ಮೇಲೆ ನಿಲ್ಲುವಂತೆ ಆನೆಯನ್ನೂ ಕೇಳಿಕೊಂಡಿದ್ದೇವೆ. ಆನೆಗೆ ಅಂದು ಬೇರೆ ಕೆಲಸವಿದ್ದರೆ ಜೀಪಿನ ಕೀಲಿಯನ್ನು ಶಿವಯ್ಯನ ಕೈಗೆ ಕೊಟ್ಟಿರುತ್ತೇನೆ. ಅವನ ಕೈಗೆ ಸಿಕ್ಕ ಕಬ್ಬಿಣವನ್ನು ಇದುವರೆಗೆ ಯಾರೂ ಬಿಡಿಸಿಕೊಂಡದ್ದಿಲ್ಲ, ಸಂಶಯವಿದ್ದರೆ ತಮ್ಮದೇ ಮುಖಪುಟ ನೋಡಿ.